ಎರಡು ಎಂಜಿನ್, ಒಂದು ಮಹಾಸಾಗರ

ಕಡಲು ದಾಟುವ ವಿಮಾನದ ಕಿಟಕಿಯಿಂದ ಹೊರಗೆ ನೋಡಿದರೆ ನಿಮಗೆ ಕಾಣುವುದು ಸಾಮಾನ್ಯವಾಗಿ ಒಂದು ರೆಕ್ಕೆ, ಅದರ ಕೆಳಗೆ ಒಂದು ಎಂಜಿನ್. ಇನ್ನೊಂದು ಎಂಜಿನ್ ಆಚೆ ಬದಿಯಲ್ಲಿದೆ. ಕೆಳಗೆ ಕಣ್ಣು ಹಾಯುವಷ್ಟು ದೂರವೂ ನೀರು. ಇಬ್ಬರಲ್ಲಿ ಒಬ್ಬ ಕೈಕೊಟ್ಟರೆ ಗತಿಯೇನು ಎಂಬ ಪ್ರಶ್ನೆ ಯಾರ ಮನಸ್ಸಿಗಾದರೂ ಬರುವಂಥದೇ. ವಿಮಾನಯಾನದ ನಿಯಮಗಳನ್ನು ರೂಪಿಸಿದವರ ಮನಸ್ಸಿಗೂ ಅದೇ ಪ್ರಶ್ನೆ ಬಂದಿತ್ತು. ಅವರು ಮೊದಲು ಕೊಟ್ಟ ಉತ್ತರಕ್ಕೂ ಕೊನೆಗೆ ತಲುಪಿದ ಉತ್ತರಕ್ಕೂ ಬಹಳ ಅಂತರವಿದೆ.

ಮೊದಲ ಉತ್ತರ ಸರಳವಾಗಿತ್ತು: ಎಂಜಿನ್‌ಗಳನ್ನು ಎಣಿಸಿ. 1953ರಲ್ಲಿ ಅಮೆರಿಕ ಒಂದು ನಿಯಮ ತಂದಿತು. ಎರಡು ಅಥವಾ ಮೂರು ಎಂಜಿನ್‌ಗಳ ವಿಮಾನವು, ಒಂದು ಎಂಜಿನ್ ನಿಂತುಹೋದರೂ 60 ನಿಮಿಷಗಳಲ್ಲಿ ಯಾವುದಾದರೂ ನಿಲ್ದಾಣವನ್ನು ಮುಟ್ಟುವಂತಿರಬೇಕು. ಅಂದು ಹಾರುತ್ತಿದ್ದವು ಪಿಸ್ಟನ್ ಎಂಜಿನ್‌ಗಳು. ಸಿಲಿಂಡರು, ಕವಾಟಗಳೆಂದು ನೂರಾರು ಚಲಿಸುವ ಭಾಗಗಳಿದ್ದ ಅವು ಹಾರಾಟದ ನಡುವೆ ಕೆಡುವುದು ಅಪರೂಪವೇನಾಗಿರಲಿಲ್ಲ. ಹಾಗಾಗಿ ಆ ಎಚ್ಚರಿಕೆ ನ್ಯಾಯವಾದದ್ದೇ.

ಈ ನಿಯಮದ ಪರಿಣಾಮವನ್ನು ನೀವೇ ಒಂದು ಭೂಪಟ ಮುಂದಿಟ್ಟುಕೊಂಡು ಕಾಣಬಹುದು. ಪ್ರತಿಯೊಂದು ನಿಲ್ದಾಣದ ಸುತ್ತ ಒಂದು ಗಂಟೆಯ ದೂರಕ್ಕೆ ವೃತ್ತ ಎಳೆಯಿರಿ. ಯಾವ ವೃತ್ತದೊಳಗೂ ಸೇರದೆ ಉಳಿದ ಜಾಗವೆಲ್ಲ ನಿಷಿದ್ಧ. ಅಟ್ಲಾಂಟಿಕ್ ಸಾಗರದ ನಡುಭಾಗ, ಪೆಸಿಫಿಕ್ ಸಾಗರದ ಬಹುಪಾಲು ಹೀಗೆ ಹೊರಗುಳಿದವು. ಅಲ್ಲೆಲ್ಲ ನಾಲ್ಕು ಎಂಜಿನ್‌ಗಳ ವಿಮಾನಗಳದೇ ರಾಜ್ಯಭಾರವಾಯಿತು.

ಅಷ್ಟರಲ್ಲಿ ಜೆಟ್ ಎಂಜಿನ್ ಬಂದಿತು. ಅದರ ರಚನೆ ಸರಳ, ಬಾಳಿಕೆ ಹೆಚ್ಚು. 1964ರಲ್ಲಿ ಮೂರು ಎಂಜಿನ್‌ಗಳ ವಿಮಾನಗಳಿಗೆ ಈ ನಿಯಮದಿಂದ ವಿನಾಯಿತಿ ದೊರೆಯಿತು. ಮುಂದೆ ಡಿಸಿ-10, ಟ್ರೈಸ್ಟಾರ್ ವಿಮಾನಗಳು ಸಾಗರಗಳನ್ನು ದಾಟತೊಡಗಿದವು. ಎರಡು ಎಂಜಿನ್‌ಗಳ ವಿಮಾನಕ್ಕೆ ಮಾತ್ರ ಕಟ್ಟುಪಾಡು ಸಡಿಲಲಿಲ್ಲ. ಅಮೆರಿಕದ ಹೊರಗೆ ಹಲವೆಡೆ ಮಿತಿ 90 ನಿಮಿಷವಿದ್ದುದರಿಂದ ಏರ್‌ಬಸ್ ಎ-300ಕ್ಕೆ ಸ್ವಲ್ಪ ಹೆಚ್ಚು ಅವಕಾಶ ಸಿಕ್ಕಿತಷ್ಟೆ.

1982ರಲ್ಲಿ ಎರಡು ಎಂಜಿನ್‌ಗಳ ಬೋಯಿಂಗ್ 767 ಸೇವೆಗೆ ಬಂದಾಗ ಚರ್ಚೆ ಕಾವೇರಿತು. ತೈಲದ ಬೆಲೆ ಏರಿದ ಕಾಲವದು. ಮೂರು ಎಂಜಿನ್‌ಗಳಿಗಿಂತ ಎರಡು ಎಂಜಿನ್‌ಗಳು ಕಡಿಮೆ ಇಂಧನ ಕುಡಿಯುತ್ತವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಅಮೆರಿಕದ ವಿಮಾನಯಾನ ಪ್ರಾಧಿಕಾರದ ಮುಖ್ಯಸ್ಥರಾಗಿದ್ದ ಲಿನ್ ಹೆಲ್ಮ್ಸ್ ಮೊದಮೊದಲು ಇದಕ್ಕೆ ಸುತರಾಂ ಒಪ್ಪಿರಲಿಲ್ಲ. ಹಣ ಉಳಿಸಲು ಪ್ರಯಾಣಿಕರ ಪ್ರಾಣವನ್ನು ಪಣಕ್ಕಿಡಬೇಕೆ ಎಂಬ ಆತಂಕ ಸಣ್ಣದಾಗಿರಲಿಲ್ಲ.

ಎಂಜಿನ್‌ಗಳನ್ನು ಎಣಿಸಿದರೆ ಸಾಲದು ಎಂಬುದಕ್ಕೆ ಪುರಾವೆ ಸಿಕ್ಕಿದ್ದೂ ಅದೇ ದಿನಗಳಲ್ಲಿ. 1983ರ ಮೇ 5ರಂದು ಈಸ್ಟರ್ನ್ ಏರ್‌ಲೈನ್ಸ್‌ನ ಟ್ರೈಸ್ಟಾರ್ ವಿಮಾನವೊಂದು 172 ಜನರನ್ನು ಹೊತ್ತು ಮಯಾಮಿಯಿಂದ ನಸ್ಸೌಗೆ ಹೊರಟಿತ್ತು. ನಡುವಿನ ಎಂಜಿನ್‌ನಲ್ಲಿ ತೈಲದ ಒತ್ತಡ ಕುಸಿಯಿತು. ಅದನ್ನು ನಿಲ್ಲಿಸಿ ಚಾಲಕರು ಮಯಾಮಿಗೆ ಹಿಂತಿರುಗಿದರು. ದಾರಿಯಲ್ಲಿ ಉಳಿದೆರಡು ಎಂಜಿನ್‌ಗಳೂ ಒಂದರ ಹಿಂದೊಂದು ನಿಂತವು. ವಿಮಾನ ಸುಮಾರು 4,000 ಅಡಿಗೆ ಇಳಿದಿದ್ದಾಗ ನಡುವಿನ ಎಂಜಿನ್ ಮತ್ತೆ ಹೊತ್ತಿಕೊಂಡಿತು. ಎಲ್ಲರೂ ಬದುಕಿದರು. ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು: ಹಿಂದಿನ ರಾತ್ರಿಯ ನಿರ್ವಹಣೆಯಲ್ಲಿ ಮೂರೂ ಎಂಜಿನ್‌ಗಳಿಗೆ ಒಂದು ಸಣ್ಣ ಬಿಡಿಭಾಗವನ್ನು ಹೊಸದಾಗಿ ಜೋಡಿಸಲಾಗಿತ್ತು. ತೈಲ ಸೋರದಂತೆ ತಡೆಯುವ ರಬ್ಬರ್ ಉಂಗುರವನ್ನು ಮೂರಕ್ಕೂ ಹಾಕಿರಲಿಲ್ಲ.

ಒಂದೇ ತಂತಿಗೆ ಜೋಡಿಸಿದ ಮೂರು ಪಂಪ್‌ಸೆಟ್‌ಗಳನ್ನು ನೆನೆಸಿಕೊಳ್ಳಿ. ತಂತಿ ಹರಿದರೆ ಮೂರೂ ನಿಲ್ಲುತ್ತವೆ. ಅಲ್ಲಿ ಮೂರು ಎನ್ನುವುದು ಲೆಕ್ಕಕ್ಕೆ ಮಾತ್ರ. ವಿಮಾನದ ಸುರಕ್ಷತೆಯೂ ಹಾಗೆಯೇ. ಎಂಜಿನ್‌ಗಳು ಎಷ್ಟಿವೆ ಎಂಬುದಕ್ಕಿಂತ, ಒಂದನ್ನು ಕೆಡಿಸಿದ ಕಾರಣ ಇನ್ನೊಂದನ್ನು ಮುಟ್ಟದಂತೆ ನೋಡಿಕೊಂಡಿದ್ದೇವೆಯೇ ಎಂಬುದು ಮುಖ್ಯ.

1985ರಲ್ಲಿ ಹೊರಬಂದ ಹೊಸ ನಿಯಮಾವಳಿಯ ಹುರುಳು ಇದೇ. ಆ ವರ್ಷದ ಫೆಬ್ರವರಿಯಲ್ಲಿ ಟಿಡಬ್ಲ್ಯುಎ ಸಂಸ್ಥೆಯ 767 ವಿಮಾನ 120 ನಿಮಿಷಗಳ ಅನುಮತಿ ಪಡೆದು ಬಾಸ್ಟನ್‌ನಿಂದ ಪ್ಯಾರಿಸ್‌ಗೆ ಹಾರಿತು. 1988ರಲ್ಲಿ ಮಿತಿ 180 ನಿಮಿಷಕ್ಕೆ ಏರಿ, ಭೂಮಿಯ ಮೇಲ್ಮೈಯ ಸುಮಾರು ಶೇಕಡಾ 95 ಭಾಗ ಎರಡು ಎಂಜಿನ್‌ಗಳ ವಿಮಾನಕ್ಕೆ ತೆರೆಯಿತು. ಈ ವ್ಯವಸ್ಥೆಗೆ ‘ಈಟಾಪ್ಸ್’ ಎಂದು ಹೆಸರು. ಎಂಜಿನ್ ತಿರುಗಬೇಕು, ಇಲ್ಲವೇ ಪ್ರಯಾಣಿಕರು ಈಜಬೇಕು ಎಂದು ಆ ಅಕ್ಷರಗಳನ್ನು ಬಿಡಿಸಿ ಹಾಸ್ಯ ಮಾಡುವವರೂ ಇದ್ದರು.

ಆದರೆ ಅನುಮತಿ ಸುಮ್ಮನೆ ಸಿಗುತ್ತಿರಲಿಲ್ಲ. 180 ನಿಮಿಷಗಳ ಪರವಾನಗಿಗೆ, ಆ ಬಗೆಯ ಎಂಜಿನ್‌ಗಳು ಹಾರಾಟದಲ್ಲಿ ನಿಂತುಹೋಗುವ ಪ್ರಮಾಣ ಸರಾಸರಿ 50,000 ಗಂಟೆಗಳಿಗೆ ಒಂದನ್ನು ಮೀರಬಾರದು. ಹಗಲಿರುಳೂ ಓಡಿದರೆ ಅದು ಐದೂವರೆ ವರ್ಷಕ್ಕೂ ಹೆಚ್ಚು. ಸರಕಿನ ಕೋಣೆಯಲ್ಲಿ ಬೆಂಕಿ ಹೊತ್ತಿದರೆ ನಿಲ್ದಾಣ ಸೇರುವವರೆಗೂ ಅದನ್ನು ಅದುಮಿಡುವ ಸಾಧನ ಬೇಕು. ವಿದ್ಯುತ್ತಿಗೆ ಹೆಚ್ಚಿನ ಆಸರೆ ಬೇಕು. ದಾರಿಯ ನಿಲ್ದಾಣಗಳ ಹವಾಮಾನವನ್ನು ಹೊರಡುವ ಮೊದಲೇ ನೋಡಿರಬೇಕು. ಇನ್ನೊಂದು ಕಟ್ಟಳೆ ಮಯಾಮಿಯ ಪಾಠವನ್ನೇ ನೆನಪಿಸುತ್ತದೆ: ಒಬ್ಬನೇ ಮೆಕ್ಯಾನಿಕ್ ಒಂದೇ ಪಾಳಿಯಲ್ಲಿ ಎರಡೂ ಎಂಜಿನ್‌ಗಳ ಮೇಲೆ ಒಂದೇ ಬಗೆಯ ಕೆಲಸ ಮಾಡುವುದನ್ನು ತಪ್ಪಿಸಬೇಕು.

ವರ್ಷಗಟ್ಟಲೆ ಹಾರಿ ಹೆಸರು ಗಳಿಸಿದ ಮೇಲೆ ಅನುಮತಿ ಕೇಳುವುದು ಆರಂಭದ ರೂಢಿ. 1995ರಲ್ಲಿ ಬೋಯಿಂಗ್ 777 ಅದನ್ನು ಬದಲಿಸಿತು. ವಿನ್ಯಾಸದ ಹಂತದಿಂದಲೇ ಸಿದ್ಧತೆ ನಡೆಸಿ, ವಿಸ್ತಾರವಾದ ಪರೀಕ್ಷೆಗಳನ್ನು ಮುಗಿಸಿ, ಸೇವೆಗೆ ಇಳಿಯುವ ಮುನ್ನವೇ ಅದು ಅಮೆರಿಕದಲ್ಲಿ 180 ನಿಮಿಷಗಳ ಅರ್ಹತೆ ಗಳಿಸಿತು. 2003ರಲ್ಲಿ ಪೆಸಿಫಿಕ್ ಮೇಲೆ ಯುನೈಟೆಡ್ ಸಂಸ್ಥೆಯ 777 ವಿಮಾನವೊಂದರ ಒಂದು ಎಂಜಿನ್ ನಿಂತಾಗ, ಅದು ಮೂರು ಗಂಟೆಗೂ ಮೀರಿ ಇನ್ನೊಂದರ ಬಲದಿಂದಲೇ ಹಾರಿ ಹವಾಯಿಯಲ್ಲಿ ಕ್ಷೇಮವಾಗಿ ಇಳಿಯಿತು.

ಹಾಗೆಂದು ಎಲ್ಲವೂ ಸುಗಮವಾಗಿತ್ತೆಂದು ತಿಳಿಯಬೇಡಿ. 2001ರ ಆಗಸ್ಟ್ 24ರಂದು ಏರ್ ಟ್ರಾನ್ಸಾಟ್‌ನ ಎ-330 ವಿಮಾನ 306 ಜನರೊಂದಿಗೆ ಟೊರಾಂಟೊದಿಂದ ಲಿಸ್ಬನ್‌ಗೆ ಹೋಗುತ್ತಿತ್ತು. ಹೊಂದಾಣಿಕೆಯಿಲ್ಲದ ಬಿಡಿಭಾಗ ಹಾಕಿದ್ದರಿಂದ ಬಲ ಎಂಜಿನ್‌ನ ಇಂಧನ ಕೊಳವೆ ಉಜ್ಜಿ ಸೋರತೊಡಗಿತ್ತು. ಸೋರಿಕೆಯೆಂದು ಅರಿಯದ ಚಾಲಕರು ಎಡಗಡೆಯ ಇಂಧನವನ್ನೂ ಬಲಕ್ಕೆ ಹರಿಯಬಿಟ್ಟರು. ಬೇರೆಯಾಗಿ ಉಳಿಯಬೇಕಿದ್ದ ಎರಡು ವ್ಯವಸ್ಥೆಗಳು ಒಂದಾದವು. ಎರಡೂ ಎಂಜಿನ್‌ಗಳು ನಿಂತವು. ವಿಮಾನ ಸುಮಾರು 19 ನಿಮಿಷ ತೇಲುತ್ತ ಬಂದು ಅಜೋರ್ಸ್ ದ್ವೀಪದ ಲಾಜಿಸ್ ನಿಲ್ದಾಣದಲ್ಲಿ ಇಳಿಯಿತು. ಯಾರೂ ಸಾಯಲಿಲ್ಲ. ನಾಲ್ಕು ಎಂಜಿನ್‌ಗಳಿದ್ದರೂ ಖಾಲಿ ಟ್ಯಾಂಕಿನಿಂದ ಅವು ಓಡುತ್ತಿರಲಿಲ್ಲ ಎಂಬುದನ್ನು ಗಮನಿಸಿ.

2007ರಲ್ಲಿ ಅಮೆರಿಕ ಈ ವಿಚಾರಸರಣಿಯನ್ನು ಇನ್ನೂ ಮುಂದಕ್ಕೆ ಒಯ್ದಿತು. ನಿಲ್ದಾಣಗಳಿಂದ ಬಹುದೂರ ಹಾರುವ ಮೂರು, ನಾಲ್ಕು ಎಂಜಿನ್‌ಗಳ ಪ್ರಯಾಣಿಕ ವಿಮಾನಗಳಿಗೂ ಈ ಶಿಸ್ತಿನ ಹಲವು ಅಂಶಗಳು ಅನ್ವಯವಾದವು. ಬೆಂಕಿಗೂ ಕೆಟ್ಟ ಹವೆಗೂ ಎಂಜಿನ್‌ಗಳ ಲೆಕ್ಕ ಗೊತ್ತಿಲ್ಲವಲ್ಲ! 2014ರಲ್ಲಿ ಯೂರೋಪು ಏರ್‌ಬಸ್ ಎ-350ಕ್ಕೆ 370 ನಿಮಿಷಗಳವರೆಗೆ ಅನುಮತಿ ನೀಡಿತು.

ನಮ್ಮ ಊರಿಗೂ ಈ ಕಥೆಯ ಎಳೆ ಬಂದು ತಾಗಿದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಉತ್ತರ ಧ್ರುವವನ್ನು ದಾಟಿ ನೇರವಾಗಿ ಬೆಂಗಳೂರಿಗೆ ಬಂದಿಳಿಯಿತು. ಚಾಲಕರೆಲ್ಲರೂ ಮಹಿಳೆಯರು, ನಾಯಕಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಕೆಳಗೆ ಹಿಮ, ಕಡಲು. ರೆಕ್ಕೆಗಳಲ್ಲಿ ಎರಡೇ ಎಂಜಿನ್.

ಮುಂದಿನ ಬಾರಿ ಕಿಟಕಿಯಾಚೆ ಆ ಒಂಟಿ ಎಂಜಿನ್ ಕಂಡಾಗ, ಆಚೆ ಬದಿಯಲ್ಲಿ ಇರುವುದು ಇನ್ನೊಂದೇ ಎಂದು ಅಳುಕಬೇಡಿ. ಆ ಎರಡಕ್ಕೂ ಒಟ್ಟಿಗೆ ಒಂದೇ ಕೇಡು ತಗಲದಂತೆ ನೆಲದ ಮೇಲೆ ಎಚ್ಚರ ವಹಿಸುವ ಕೈಗಳನ್ನು ನೆನೆಯಿರಿ. ನಮ್ಮ ಕ್ಷೇಮ ಹೆಚ್ಚಾಗಿ ಇರುವುದು ಆ ಕೈಗಳ ಶ್ರದ್ಧೆಯಲ್ಲೇ.