ಮೈಸೂರು ಸೀಮೆಯ ಚಿತ್ರಶಾಲೆಗಳು

ಕೊಳ್ಳೇಗಾಲದ ಸೀಮೆಯಲ್ಲಿ, ಧನಗೆರೆಯೇ ಮೊದಲಾದ ಗ್ರಾಮಗಳಲ್ಲಿ ಹುಟ್ಟಿ ಬೆಳೆದವರಿಗೆ ಚಿತ್ರಶಾಲೆಯೆಂಬ ಮಾತು ಬಹುಕಾಲದವರೆಗೆ ಅಪರಿಚಿತವಾಗಿಯೇ ಇದ್ದಿತು. ಇದರಿಂದ ಈ ಜನರು ಕಲೆಯ ರುಚಿಯನ್ನರಿಯದವರೆಂದು ಭಾವಿಸತಕ್ಕದ್ದಲ್ಲ. ಮಾದೇಶ್ವರನ ಕಥೆಯನ್ನು ಹಾಡುತ್ತ ಕಂಸಾಳೆಯನ್ನು ಬೀಸುವವರ ಕುಣಿತವನ್ನು ನೋಡಿದವರು, ಮಗ್ಗದಲ್ಲಿ ರೇಷ್ಮೆಯ ನೂಲಿಗೆ ಜರಿಯ ಅಂಚನ್ನು ಕೂಡಿಸುವ ಕೈಯನ್ನು ಕಂಡವರು ಹಾಗೆಂದು ಹೇಳಲಾರರು. ಮೈಸೂರಿಗೆ ಹೋಗುವವರು ಸ್ವಲ್ಪ ಬಳಸಿದರೆ ಸೋಮನಾಥಪುರದ ಕೇಶವದೇವಾಲಯವು ಸಿಕ್ಕುವುದು. ಕ್ರಿ. ಶ. ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠಿತವಾದ ಆ ದೇಗುಲದ ವಿಗ್ರಹಗಳ ಪೀಠಗಳ ಮೇಲೆ ಮಲ್ಲಿತಮ್ಮನೆಂಬ ರೂವಾರಿಯು ತನ್ನ ಹೆಸರನ್ನು ಕೆತ್ತಿರುವನು. ಏಳುನೂರು ವರ್ಷಗಳಿಗೂ ಹಿಂದೆಯೇ ಶಿಲ್ಪಿಯು ತನ್ನ ಕೃತಿಗೆ ಅಂಕಿತವನ್ನು ಹಾಕುವಷ್ಟು ಅಭಿಮಾನವುಳ್ಳವನಾಗಿದ್ದನು. ಆದರೆ ದೇವಾಲಯವೂ ಅಲ್ಲದ, ಮನೆಯೂ ಅಲ್ಲದ ಒಂದು ಕಟ್ಟಡದಲ್ಲಿ ಚಿತ್ರಗಳನ್ನು ತೂಗುಹಾಕಿ, ಕಾಣಬಯಸುವವರೆಲ್ಲರೂ ಒಳಗೆ ಬರಬಹುದೆಂಬ ಕ್ರಮವು ಈ ದೇಶಕ್ಕೆ ಹೊಸದು. ಅದು ಮೈಸೂರು ಸೀಮೆಗೆ ಹೇಗೆ ಬಂದಿತೆಂಬುದು ಅರಸುಮನೆಯೊಂದರ ಕಥೆಯಿಂದ ಮೊದಲಾಗುವುದು.

ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಆಸ್ಥಾನದ ಚಿತ್ರಗಾರರಿಗೆ ಬಿಡುವಿಲ್ಲದಷ್ಟು ಕೆಲಸವಿದ್ದಿತು. ಶ್ರೀತತ್ತ್ವನಿಧಿಯೆಂಬ ಮಹಾಗ್ರಂಥವು ಒಂಬತ್ತು ನಿಧಿಗಳಾಗಿ ಸಿದ್ಧವಾದಾಗ, ಅದರಲ್ಲಿ ಧ್ಯಾನಶ್ಲೋಕಗಳೊಡನೆ ದೇವತಾಸ್ವರೂಪಗಳ ನೂರಾರು ಚಿತ್ರಗಳನ್ನು ಬರೆಯಿಸಲಾಯಿತು. ಶಿವನಿಧಿಯೂ ಅವುಗಳಲ್ಲಿ ಒಂದು. ಗಂಜೀಫೆಯ ಆಟಕ್ಕಾಗಿ ಅರಸರೇ ಹೊಸ ಹೊಸ ಕಟ್ಟುಗಳನ್ನು ಕಲ್ಪಿಸಿದರು. ಚಾಮುಂಡೇಶ್ವರಿಯ ಹೆಸರಿನ ಕಟ್ಟಿಗೆ 320 ಎಲೆಗಳು. ಅಂಗೈಯಷ್ಟಗಲದ ಒಂದೊಂದು ಎಲೆಯೂ ಒಂದೊಂದು ಚಿತ್ರವೇ. ಇವರೇ 1861ರಲ್ಲಿ ಜಗನ್ಮೋಹನ ಅರಮನೆಯನ್ನು ಕಟ್ಟಿಸಿದರು. ಅದರ ಗೋಡೆಗಳ ಮೇಲೆ ದಸರೆಯ ಮೆರವಣಿಗೆಯನ್ನೂ, ಸಂತಾನಾಂಬುಜವೆಂಬ ಅರಸು ಮನೆತನದ ವಂಶವೃಕ್ಷವನ್ನೂ ಬರೆದ ಚಿತ್ರಗಾರರ ಕೈಚಳಕವನ್ನು ಇಂದಿಗೂ ಕಾಣಬಹುದು.

ಆ ಚಿತ್ರಗಾರರ ಕೆಲಸದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಅದನ್ನರಿಯದೆ ಮುಂದಣ ಕಥೆಯ ನಷ್ಟವಾಗಲಿ ಲಾಭವಾಗಲಿ ತಿಳಿಯುವುದಿಲ್ಲ. ಹಲಗೆಯ ಮೇಲೆ ಬಟ್ಟೆಯನ್ನೋ ಕಾಗದವನ್ನೋ ಅಂಟಿಸಿ ಹದಮಾಡಿದ ಮೇಲೆ, ಹುಣಿಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟ ಇದ್ದಲಿನಿಂದ ರೇಖೆಗಳನ್ನು ಬರೆಯುತ್ತಿದ್ದರು. ಕುಂಚಗಳನ್ನು ಅಳಿಲು, ಮೇಕೆ ಮೊದಲಾದ ಪ್ರಾಣಿಗಳ ಕೂದಲಿನಿಂದ ಕಟ್ಟಿಕೊಳ್ಳುತ್ತಿದ್ದರು. ಬಣ್ಣಗಳು ಗಿಡಮೂಲಿಕೆ ಮತ್ತು ಖನಿಜಗಳಿಂದ ಅರೆದವು. ಒಡವೆ, ಕಿರೀಟ, ಸೆರಗಿನಂಚು, ಕಂಬದ ಬೋದಿಗೆ, ಇವುಗಳಿಗೆ ಚಿನ್ನದ ರೇಕನ್ನು ಹಚ್ಚಬೇಕಾದಾಗ ಸಫೇದೆಂಬ ಬಿಳಿಯ ಪುಡಿಗೆ ಮಕ್ಕಿಯೆಂಬ ಹಳದಿ ರಸವನ್ನೂ ಅಂಟನ್ನೂ ಕೂಡಿಸಿ, ಆ ಪಾಕವನ್ನು ಕುಂಚದ ತುದಿಯಿಂದ ಸಣ್ಣ ಸಣ್ಣ ಚುಕ್ಕೆಗಳಾಗಿಯೂ ಗೆರೆಗಳಾಗಿಯೂ ಇಟ್ಟು, ಮೇಲೆ ರೇಕನ್ನು ಕೂರಿಸುತ್ತಿದ್ದರು. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪನಾಗಿ, ಅದರಲ್ಲಿ ಗಾಜಿನ ಹರಳುಗಳನ್ನು ಕೂಡ ಹುದುಗಿಸಿರುವುದುಂಟು. ಮೈಸೂರಿನ ಕೆಲಸದಲ್ಲಿ ಉಬ್ಬು ಕಣ್ಣಿಗಿಂತ ಬೆರಳಿಗೇ ಹೆಚ್ಚಾಗಿ ತಿಳಿಯುವಷ್ಟು ತೆಳುವು. ಕಡೆಯಲ್ಲಿ ಚಿತ್ರದ ಮೇಲೆ ತೆಳ್ಳನೆಯ ಕಾಗದವನ್ನು ಹಾಸಿ ಕಸ್ಲುಪಾಟಿ ಕಲ್ಲೆಂಬ ನುಣುಪಾದ ಕಲ್ಲಿನಿಂದ ಮೆಲ್ಲನೆ ಉಜ್ಜಿದರೆ ಚಿನ್ನವು ಮೃದುವಾದ ಕಾಂತಿಯಿಂದ ಬೆಳಗುವುದು. ಪಾಕದ ಹದವು ತಪ್ಪಿದರೆ ರೇಕು ನಿಲ್ಲದು. ಉಜ್ಜುವ ಕೈ ಭಾರವಾದರೆ ಗೆರೆ ಮುರಿಯುವುದು. ಇದನ್ನು ಬರೆಹದಿಂದ ಕಲಿಯಲಾಗದು, ತಂದೆಯ ಬಳಿ ಕುಳಿತ ಮಗನು ನೋಡಿ ಕಲಿಯಬೇಕು. ಆದುದರಿಂದಲೇ 1868ರಲ್ಲಿ ಮುಮ್ಮಡಿಯವರು ಕಾಲವಾದಮೇಲೆ, ಕೆಲಸ ಕೊಡುವವರು ಕಡಮೆಯಾದಂತೆಲ್ಲ, ವಿದ್ಯೆಯೂ ಒಂದೊಂದು ಮನೆಯಲ್ಲಿ ಸದ್ದಿಲ್ಲದೆ ಆರುತ್ತ ಬಂದಿತು.

ಆ ಸಮಯದಲ್ಲಿ ದೇಶದ ಅಭಿರುಚಿಯೇ ಬೇರೆ ದಿಕ್ಕಿಗೆ ತಿರುಗಿದ್ದಿತು. ತೈಲವರ್ಣದಲ್ಲಿ ಬರೆದ ರಾಜಾ ರವಿವರ್ಮರ ಪಟಗಳಿಗೆ ಮೈಸೂರಿನ ಅರಸರು ಆಶ್ರಯವಿತ್ತರು. 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ರವಿವರ್ಮರ ಮುದ್ರಣಾಲಯದಿಂದ ಹೊರಟ ಅಚ್ಚಿನ ಲಕ್ಷ್ಮೀ ಸರಸ್ವತಿಯರು ಹಳ್ಳಿಯ ಮನೆಗಳ ಜಗಲಿಗಳನ್ನೂ ತಲಪಿದರು. ಹಲಗೆಯ ಚಿತ್ರವೊಂದಕ್ಕೆ ವಾರಗಟ್ಟಲೆ ದುಡಿಯುವ ಚಿತ್ರಗಾರನು ಕೆಲವೇ ಆಣೆಗಳಿಗೆ ಸಿಕ್ಕುವ ಅಚ್ಚಿನ ಪಟದೊಡನೆ ಹೇಗೆ ಪೈಪೋಟಿ ಮಾಡಬಲ್ಲನು? ಹೆಚ್ಚಿನ ಜನರಿಗೆ ಚಿತ್ರವು ದೊರಕಿದುದೂ, ಕೆಲವರ ಕೈಯಿಂದ ಅನ್ನವು ಜಾರಿದುದೂ ಒಂದೇ ಕಾರಣದಿಂದ.

ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ ಈ ಸ್ಥಿತಿಗೆ ಎರಡು ಬಗೆಯ ಉತ್ತರಗಳು ದೊರೆತವು. ಒಂದು ಕಲಿಸುವ ಮನೆ, ಇನ್ನೊಂದು ತೋರಿಸುವ ಮನೆ. ಮೈಸೂರಿನ ಕೈಗಾರಿಕಾ ಶಾಲೆಯು ಬೆಳೆದು ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಾಯಿತು. ಅದರ ಕಟ್ಟಡಕ್ಕೆ 1906ರಲ್ಲಿ ಶಂಕುಸ್ಥಾಪನೆಯಾಯಿತು. ಅಲ್ಲಿ ಗಂಧದ ಕೆತ್ತನೆ, ಬೀಟೆಯ ಮರದಲ್ಲಿ ದಂತವನ್ನು ಕೂರಿಸುವ ಕೆಲಸ, ಚಿತ್ರಲೇಖನ ಮೊದಲಾದುವನ್ನು ಹೇಳಿಕೊಡುತ್ತಿದ್ದರು. ತಂದೆಯಿಂದ ಮಗನಿಗೆ ಮಾತ್ರ ಬರುತ್ತಿದ್ದ ಕಸುಬನ್ನು ಬೇರೆ ಮನೆಯ ಹುಡುಗನೂ ಕುಳಿತು ಕಲಿಯಬಹುದಾಯಿತು. ಇದು ಸಾಮಾನ್ಯವಾದ ಮಾತಲ್ಲ. 1907ರಲ್ಲಿ ದಸರಾ ವಸ್ತುಪ್ರದರ್ಶನವು ಪ್ರಾರಂಭವಾಯಿತು. ಕೊಳ್ಳೇಗಾಲವು 1956ರ ನವೆಂಬರು ತಿಂಗಳಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದರೂ, ದಸರೆಗೆ ಕಾವೇರಿಯ ಈಚೆಯವರಿಗೆ ಮೈಸೂರು ಪರದೇಶವಾಗಿರಲಿಲ್ಲ.

ತೋರಿಸುವ ಮನೆಯು ಜಗನ್ಮೋಹನ ಅರಮನೆ. 1897ರಲ್ಲಿ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾದ ಮೇಲೆ ರಾಜಪರಿವಾರವು ಇಲ್ಲಿ ವಾಸವಾಗಿದ್ದಿತು. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ವಹಿಸಿದ ಉತ್ಸವವು ಲಾರ್ಡ್ ಕರ್ಜನ್ನರ ಸಮಕ್ಷದಲ್ಲಿ ಇಲ್ಲಿಯೇ ನಡೆಯಿತು. ಹೊಸ ಅರಮನೆಯು ಸಿದ್ಧವಾಗಿ ಈ ಕಟ್ಟಡವು ತೆರಪಾದಾಗ, 1915ರಲ್ಲಿ ಇದನ್ನು ಚಿತ್ರಶಾಲೆಯಾಗಿ ಮಾರ್ಪಡಿಸಿದರು. ಮುಂದೆ ಡಾಕ್ಟರ್ ಜೇಮ್ಸ್ ಕಸಿನ್ಸರ ನೆರವಿನಿಂದ ವಂಗದೇಶದ ನವ್ಯ ಸಂಪ್ರದಾಯದ ಚಿತ್ರಗಳೂ ಬಂದು ಸೇರಿದವು. ರವಿವರ್ಮರ ಪಟಗಳ ಜತೆಗೆ ಗಂಟೆಗೊಮ್ಮೆ ಪುಟ್ಟ ಸಿಪಾಯಿಗಳು ಸಾಲಾಗಿ ನಡೆಯುವ ಫ್ರಾನ್ಸ್ ದೇಶದ ಗಡಿಯಾರವನ್ನೂ, ಅಕ್ಕಿಯ ಕಾಳಿನ ಮೇಲಣ ಸೂಕ್ಷ್ಮ ಲೇಖನವನ್ನೂ ಇಟ್ಟಿರುವುದರಿಂದ, ಬಂದವರಲ್ಲಿ ಬಹುಮಂದಿ ಗಡಿಯಾರದ ಮುಂದೆಯೇ ಕಾದಿರುವರೆಂಬುದು ನಿಜ. ಆದರೆ ಗಡಿಯಾರವನ್ನು ನೋಡಲು ಬಂದವನು ಚಿತ್ರವನ್ನೂ ನೋಡಿಯೇ ಹೋಗುವನಷ್ಟೆ. ದೀಪವನ್ನು ಅಂಗೈಯಿಂದ ಮರೆಮಾಡಿ ನಿಂತ ಹೆಂಗಸಿನ ಪಟವು ಇಲ್ಲಿ ಸುಪ್ರಸಿದ್ಧವಾದುದು. ಇದನ್ನು ರವಿವರ್ಮರದೆಂದು ಹೇಳುವವರು ಈಗಲೂ ಉಂಟು, ವಾಸ್ತವವಾಗಿ ಎಸ್. ಎಲ್. ಹಲದಣಕರರು 1940ರ ದಶಕದಲ್ಲಿ ಜಲವರ್ಣದಿಂದ ಬರೆದುದು, ಮೈಸೂರಿನ ದಸರಾ ಪ್ರದರ್ಶನದಲ್ಲಿ ಬಹುಮಾನವನ್ನು ಪಡೆದುದು. 1955ರಿಂದ ಈ ಶಾಲೆಗೆ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆಯೆಂದು ಹೆಸರಾಯಿತು.

ಈ ಅರಮನೆಯ ಆಶ್ರಯದಲ್ಲಿ ಬೆಳೆದು, ಅದರೊಡನೆಯೇ ಸೆಣಸಿದವರು ಕೆ. ವೆಂಕಟಪ್ಪನವರು. ಚಿತ್ರಗಾರರ ಮನೆತನದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರನ್ನು ನಾಲ್ವಡಿಯವರು 1909ರಲ್ಲಿ ಕಲ್ಕತ್ತೆಗೆ ಕಳುಹಿಸಿದರು. ಅಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ನಂದಲಾಲ ಬೋಸರ ಸಹಪಾಠಿಗಳಾಗಿ ಏಳು ವರ್ಷಗಳನ್ನು ಕಳೆದರು. ಗುರುಗಳು ಭಾರತೀಯ ಶಿಲ್ಪದ ಅಂಗಲಕ್ಷಣಗಳನ್ನು ಕುರಿತು ಬರೆದಾಗ ಅದರ ರೇಖಾಚಿತ್ರಗಳಲ್ಲಿ ವೆಂಕಟಪ್ಪನವರ ಕೈಯೂ ಸೇರಿದ್ದಿತು. 1916ರಲ್ಲಿ ಮೈಸೂರಿಗೆ ಹಿಂದಿರುಗಿ ದಂತದ ಮೇಲೆ ಭಾವಚಿತ್ರಗಳನ್ನು ಬರೆದರು; ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿಯುವುದಕ್ಕಾಗಿ ಕುಂಚವನ್ನೇ ಬದಿಗಿಟ್ಟ ಕಾಲವೂ ಉಂಟು. ನೀಲಗಿರಿಯ ಉದಕಮಂಡಲದಲ್ಲಿ ಕುಳಿತು ಬರೆದ ಜಲವರ್ಣಗಳಲ್ಲಿ ಮಂಜು ಕವಿಯುವುದನ್ನೂ ಮಂಜು ಹರಿಯುವುದನ್ನೂ ಕಾಗದದ ಮೇಲೆ ನಿಲ್ಲಿಸಿದರು. ಮೈಸೂರಿನ ಅರಮನೆಗಾಗಿ ಗಚ್ಚಿನ ಉಬ್ಬುಶಿಲ್ಪಗಳನ್ನು ಮಾಡಿದರು. 1940ರಲ್ಲಿ ನಾಲ್ವಡಿಯವರು ಕಾಲವಾದರು. ಬಳಿಕ ಮಾಡಿದ ಕೆಲಸದ ಪ್ರತಿಫಲದ ವಿಷಯದಲ್ಲಿ ವ್ಯಾಜ್ಯವುಂಟಾಗಿ, ವೆಂಕಟಪ್ಪನವರು ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಿದರು. ಅರಸರ ಅನ್ನವನ್ನುಂಡ ಚಿತ್ರಗಾರನು ಅರಮನೆಯ ಮೇಲೆ ದಾವಾ ಹೂಡುವುದೆಂದರೆ ಅಂದಿನವರು ಬೆರಗಾಗದೆ ಇರಲಿಲ್ಲ. ಕೃತಘ್ನತೆಯೆಂದವರೂ ಇದ್ದಿರಬಹುದು. ಆದರೆ ಅವರು ಕೇಳಿದುದು ದಾನವನ್ನಲ್ಲ, ಕೂಲಿಯನ್ನು. ಸೋಮನಾಥಪುರದಲ್ಲಿ ಹೆಸರನ್ನು ಕೆತ್ತಿದ ಮಲ್ಲಿತಮ್ಮನ ಅಭಿಮಾನಕ್ಕೂ ಇದಕ್ಕೂ ಹತ್ತಿರದ ನಂಟೇ ಉಂಟು.

ಬೆಂಗಳೂರಿಗೆ ಬಂದ ಮೇಲೆ ಅವರು ಒಂಟಿಯಾಗಿ, ಕಟ್ಟುನಿಟ್ಟಾಗಿ ಜೀವಿಸಿ 1965ರಲ್ಲಿ ಗತಿಸಿದರು. ಅವರ ಹೆಸರಿನ ಚಿತ್ರಶಾಲೆಗೆ ಕಸ್ತೂರಬಾ ರಸ್ತೆಯಲ್ಲಿ, ಸರಕಾರದ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, 1967ರಲ್ಲಿ ಅಡಿಗಲ್ಲು ಬಿದ್ದಿತು. ಮುಂದಣ ದಶಕದ ನಡುವಿನಲ್ಲಿ ಬಾಗಿಲು ತೆರೆಯಿತು. ಅರಮನೆಯ ಚಿತ್ರಶಾಲೆಗೂ ಇದಕ್ಕೂ ಇರುವ ಭೇದವು ಗಮನಾರ್ಹವಾದುದು. ಅಲ್ಲಿ ಸಂಗ್ರಹವು ಮುಖ್ಯ. ಇಲ್ಲಿ ವೆಂಕಟಪ್ಪನವರ ಕೃತಿಗಳಿಗೂ ಕೆ. ಕೆ. ಹೆಬ್ಬಾರರ ಚಿತ್ರಗಳಿಗೂ ನೆಲೆಯುಂಟು, ಅದರೊಡನೆ ಅಲ್ಪ ಬಾಡಿಗೆಗೆ ಸಿಕ್ಕುವ ಅಂಗಣಗಳೂ ಉಂಟು. ಹೆಸರಿಲ್ಲದ ತರುಣನು ತನ್ನ ಹತ್ತಿಪ್ಪತ್ತು ಚಿತ್ರಗಳನ್ನು ತಾನೇ ಹೊತ್ತುತಂದು, ಮೊಳೆ ಹೊಡೆದು, ಬಾಗಿಲ ಬಳಿ ಕುಳಿತು, ಬಂದವರ ಮುಖವನ್ನು ನೋಡುತ್ತ ದಿನ ಕಳೆದುದು ಇಲ್ಲಿಯೇ. 2015ರಲ್ಲಿ ಈ ಶಾಲೆಯನ್ನು ಒಂದು ಖಾಸಗಿ ಸಂಸ್ಥೆಯ ಸಹಯೋಗಕ್ಕೆ ಒಪ್ಪಿಸುವ ಒಡಂಬಡಿಕೆಯಾದಾಗ, ಮರುವರ್ಷ ಕಲಾವಿದರು ಗುಂಪುಗೂಡಿ ವಿರೋಧಿಸಿದರು. ಕಟ್ಟಡವು ಸುಂದರವಾಗುವುದೆಂಬ ಆಶ್ವಾಸನೆಗೆ ಅವರಿಟ್ಟ ಪ್ರಶ್ನೆಯು ಸರಳವಾಗಿದ್ದಿತು: ಅಲ್ಲಿ ಯಾರ ಚಿತ್ರವನ್ನು ತೂಗುಹಾಕಬೇಕೆಂದು ನಿಶ್ಚಯಿಸುವವರು ಯಾರು?

ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು 1935ರಲ್ಲಿ ತೆರೆದ ಕಲಾಶಾಲೆಯ ಕಥೆಯು ಪ್ರತ್ಯೇಕವಾದ ಲೇಖನಕ್ಕೇ ತಕ್ಕುದು. ಇಲ್ಲಿ ಹೇಳಬೇಕಾದುದು ಕರ್ನಾಟಕ ಚಿತ್ರಕಲಾ ಪರಿಷತ್ತಿನ ಒಂದು ಕಾರ್ಯವನ್ನು. 1960ರಲ್ಲಿ ಸ್ಥಾಪಿತವಾಗಿ, ಎಂ. ಎಸ್. ನಂಜುಂಡರಾಯರ ದುಡಿಮೆಯಿಂದ ಬೆಳೆದ ಈ ಸಂಸ್ಥೆಯು ಹಳ್ಳಿಗಳಲ್ಲಿ ಮೂಲೆಗೆ ಬಿದ್ದಿದ್ದ ತೊಗಲುಬೊಂಬೆಗಳನ್ನೂ, ಹಳೆಯ ಮನೆಗಳಲ್ಲಿದ್ದ ಮೈಸೂರು ಸಂಪ್ರದಾಯದ ಚಿತ್ರಗಳನ್ನೂ ಅರಸಿ ತಂದು ಜನರ ಮುಂದಿಟ್ಟಿತು. ಮೈಸೂರಿನ ಸಾಂಪ್ರದಾಯಿಕ ಚಿತ್ರಗಳಿಗೆ ಈಗ ಭೌಗೋಳಿಕ ಸೂಚಕವೆಂಬ ಕಾನೂನಿನ ರಕ್ಷಣೆಯೂ ಉಂಟು. ಆದರೆ ಕಾನೂನು ಹೆಸರನ್ನು ಕಾಪಾಡಬಲ್ಲುದೇ ಹೊರತು ಪಾಕದ ಹದವನ್ನು ಕಲಿಸಲಾರದು. ಅದನ್ನು ಕಲಿಸುವುದು ಚಿತ್ರಶಾಲೆಗಳಲ್ಲಿಯೂ ಕಲಾವಿದರ ಮನೆಗಳಲ್ಲಿಯೂ ನಡೆಯುವ ಶಿಬಿರಗಳ ಭಾಗಕ್ಕೆ ಬಂದಿದೆ. ಶ್ರೀರಂಗಪಟ್ಟಣದಲ್ಲಿ ರಘುಪತಿ ಭಟ್ಟರು ಗಂಜೀಫೆಯ ಎಲೆಗಳನ್ನು ಬರೆಯುವ ವಿದ್ಯೆಗೆ ಮರಳಿ ಜೀವವಿತ್ತು ಇತರರಿಗೆ ಕಲಿಸಿದರು.

ಇಂತಹ ಶಿಬಿರಗಳಲ್ಲಿ ಕಲಿಯುವವರು ಈಗ ಚಿತ್ರಗಾರರ ಮಕ್ಕಳೇ ಆಗಿರಬೇಕೆಂಬ ನಿಯಮವಿಲ್ಲ. ಗೃಹಿಣಿಯರು, ಶಾಲೆಯ ಮಕ್ಕಳು, ಉದ್ಯೋಗದಿಂದ ನಿವೃತ್ತರಾದವರು ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳುವರು. ಕೆಲವೇ ದಿನಗಳಲ್ಲಿ ಇವರೆಲ್ಲರೂ ಆಸ್ಥಾನದ ಚಿತ್ರಗಾರರಾಗುವುದಿಲ್ಲ. ಹೆಚ್ಚಿನವರ ಮೊದಲ ಹಲಗೆಯಲ್ಲಿ ರೇಕು ಅಲ್ಲಲ್ಲಿ ಹರಿದು, ಗಣಪತಿಯ ಕಿರೀಟವು ಓರೆಯಾಗಿಯೇ ಇರುವುದು. ಆದರೂ ಅನಂತರ ಅವರು ಜಗನ್ಮೋಹನ ಅರಮನೆಗೆ ಹೋದಾಗ ಗಡಿಯಾರದ ಮುಂದೆ ಮಾತ್ರ ನಿಲ್ಲುವುದಿಲ್ಲ. ಗೋಡೆಯ ಬಳಿಗೆ ಸರಿದು, ಹಳಬರು ಇಟ್ಟ ಒಂದು ಗೆರೆಯನ್ನು ಬಹಳ ಹೊತ್ತು ನೋಡುವರು.