ಶಾಲಾ ಮನಶ್ಶಾಸ್ತ್ರ ವೃತ್ತಿಗೆ ಸ್ನಾತಕೋತ್ತರ ಪದವಿಯ ಆಯ್ಕೆ: ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಅಭ್ಯರ್ಥಿಗಳಿಗೆ ಮಾಹಿತಿ

ಶಾಲಾ ಮಕ್ಕಳ ಕಲಿಕೆ, ನಡವಳಿಕೆ ಹಾಗೂ ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ವೃತ್ತಿಯನ್ನು ಕೈಗೊಳ್ಳಬಯಸುವ ಪದವೀಧರರು ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಜಿ ಸಲ್ಲಿಸುವ ಮುನ್ನ ಈ ಮಾಹಿತಿಯನ್ನು ಗಮನಿಸುವುದು. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ಪುನರ್ವಸತಿ ಮನಶ್ಶಾಸ್ತ್ರಜ್ಞ ಮೊದಲಾದ ವರ್ಗಗಳಿವೆ. 'ಶಾಲಾ ಮನಶ್ಶಾಸ್ತ್ರಜ್ಞ' ಎಂಬ ಪ್ರತ್ಯೇಕ ವರ್ಗವಿಲ್ಲ. ಆದುದರಿಂದ ಪದವಿಯ ಹೆಸರಿಗಿಂತ, ಆ ಪದವಿಯಿಂದ ಯಾವ ಕೆಲಸ ಮಾಡುವ ಅಧಿಕಾರ ದೊರೆಯುತ್ತದೆ ಎಂಬುದೇ ಮುಖ್ಯ.

ಆಪ್ತಸಮಾಲೋಚನೆ ಮತ್ತು ಪ್ರಮಾಣೀಕರಣ

ಶಾಲೆಯಲ್ಲಿ ಆಪ್ತಸಮಾಲೋಚಕರಾಗಲು ಮನಶ್ಶಾಸ್ತ್ರ ಅಥವಾ ಆಪ್ತಸಮಾಲೋಚನೆಯಲ್ಲಿ ಎಂ.ಎ., ಎಂ.ಎಸ್ಸಿ. ಪದವಿ ಸಾಮಾನ್ಯ ಮಾರ್ಗವಾಗಿದೆ. ಸಿ.ಬಿ.ಎಸ್.ಇ. ಮಂಡಳಿಯು ತನ್ನ ಸಂಯೋಜನಾ ನಿಯಮಗಳಲ್ಲಿ ಶಾಲೆಗಳು ಆಪ್ತಸಮಾಲೋಚಕರನ್ನು ಹೊಂದಿರಬೇಕೆಂದು ವಿಧಿಸಿದೆ.

ಆದರೆ ಓದು-ಬರಹದಲ್ಲಿ ಹಿಂದುಳಿದ ಮಗುವಿನ ವಿಷಯ ಬೇರೆ. ನಿರ್ದಿಷ್ಟ ಕಲಿಕಾ ನ್ಯೂನತೆಯು 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 21 ವಿಧಗಳಲ್ಲಿ ಒಂದಾಗಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಮೊದಲಾದ ರಿಯಾಯಿತಿಗಳು ಪ್ರಮಾಣಪತ್ರವನ್ನು ಅವಲಂಬಿಸಿವೆ. ಅದಕ್ಕಾಗಿ ನಡೆಯುವ ಮೌಲ್ಯಮಾಪನದಲ್ಲಿ ವೈದ್ಯರೊಂದಿಗೆ ಕ್ಲಿನಿಕಲ್ ಅಥವಾ ಪುನರ್ವಸತಿ ಮನಶ್ಶಾಸ್ತ್ರಜ್ಞರು ಇರತಕ್ಕದ್ದು. ಕೇವಲ ಎಂ.ಎ. ಪದವಿ ಪಡೆದವರು ಈ ಕಾರ್ಯವನ್ನು ನಿರ್ವಹಿಸಲಾಗದು. ಅನೇಕ ಅಭ್ಯರ್ಥಿಗಳಿಗೆ ಈ ವ್ಯತ್ಯಾಸ ತಿಳಿಯುವುದು ವ್ಯಾಸಂಗ ಮುಗಿದ ನಂತರವೇ.

ಈ ಅಧಿಕಾರ ಬಯಸುವವರು ಪರಿಷತ್ತು ಅನುಮೋದಿಸಿದ ಶಿಕ್ಷಣ ಪಡೆದು, ಕೇಂದ್ರ ಪುನರ್ವಸತಿ ನೋಂದಣಿಯಲ್ಲಿ ಹೆಸರು ನಮೂದಿಸಬೇಕು. ಹಿಂದೆ ಎಂ.ಎ. ನಂತರ ಎರಡು ವರ್ಷಗಳ ಎಂ.ಫಿಲ್. ಮಾಡುವುದು ರೂಢಿಯಲ್ಲಿತ್ತು, ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮಣಿಪಾಲದಲ್ಲಿ ಅದನ್ನು ಬೋಧಿಸಲಾಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ನಿಯಮಗಳಲ್ಲಿ ಎಂ.ಫಿಲ್. ಪದವಿಯನ್ನು ಕೈಬಿಟ್ಟು, ತರುವಾಯ ಕ್ಲಿನಿಕಲ್ ಸೈಕಾಲಜಿ ಹಾಗೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025-26ರವರೆಗೆ ಪ್ರವೇಶಾವಕಾಶ ನೀಡಿತು. ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಸಲಹೆಯನ್ನೇ ನಂಬದೆ, ಪ್ರವೇಶ ಪಡೆಯುವ ವರ್ಷದಲ್ಲಿ ಯಾವ ಶಿಕ್ಷಣಕ್ರಮಕ್ಕೆ ಅನುಮೋದನೆ ಇದೆ ಎಂಬುದನ್ನು ಪರಿಷತ್ತಿನ ಪಟ್ಟಿಯಲ್ಲಿ ಪರಿಶೀಲಿಸುವುದು.

ದೂರಶಿಕ್ಷಣದ ಬಗ್ಗೆ ಎಚ್ಚರಿಕೆ

ಉದ್ಯೋಗದಲ್ಲಿರುವವರು, ಅದರಲ್ಲೂ ಶಿಕ್ಷಕರು, ಮನಶ್ಶಾಸ್ತ್ರವನ್ನು ಅಂಚೆ ಶಿಕ್ಷಣದ ಮೂಲಕ ಓದುವುದು ಸಾಮಾನ್ಯವಾಗಿತ್ತು. 2021ರ ರಾಷ್ಟ್ರೀಯ ಸಂಬದ್ಧ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಅಧಿನಿಯಮದ ವ್ಯಾಪ್ತಿಗೆ ಮನಶ್ಶಾಸ್ತ್ರವೂ ಸೇರಿರುವುದರಿಂದ, 2025ರ ಜುಲೈ-ಆಗಸ್ಟ್ ಅವಧಿಯಿಂದ ದೂರಶಿಕ್ಷಣ ಹಾಗೂ ಆನ್‌ಲೈನ್ ವಿಧಾನದಲ್ಲಿ ಈ ವಿಷಯಕ್ಕೆ ಹೊಸ ಪ್ರವೇಶ ನೀಡಬಾರದೆಂದು ಧನಸಹಾಯ ಆಯೋಗವು ಸೂಚಿಸಿದೆ. ಇದಕ್ಕೆ ವಿರುದ್ಧವಾದ ಜಾಹೀರಾತುಗಳನ್ನು ನಂಬಿ ಶುಲ್ಕ ಪಾವತಿಸಬಾರದು.

ಸೇವೆಯಲ್ಲಿರುವ ಶಿಕ್ಷಕರಿಗೆ ಎನ್.ಸಿ.ಇ.ಆರ್.ಟಿ.ಯ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆ ಡಿಪ್ಲೊಮಾ ಪರಿಗಣಿಸತಕ್ಕ ಮಾರ್ಗವಾಗಿದೆ. ಒಂದು ವರ್ಷದ ಈ ಶಿಕ್ಷಣಕ್ಕೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಒಂದು ಕೇಂದ್ರವಾಗಿದೆ.

ಸಮೀಪದ ಸಂಸ್ಥೆಗಳು

ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿ ಹಾಗೂ 1960ರಲ್ಲಿ ಆರಂಭವಾದ ಮಂಗಳೂರಿನ ರೋಶನಿ ನಿಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಲಭ್ಯವಿದ್ದು, ಕುಟುಂಬ ಮತ್ತು ಸಮುದಾಯದೊಂದಿಗೆ ಕೆಲಸ ಮಾಡಬಯಸುವವರಿಗೆ ಅದು ಸೂಕ್ತ. ಬಂಟ್ವಾಳದ ಅಭ್ಯರ್ಥಿಗಳಿಗೆ ಮಂಗಳೂರು ಹತ್ತಿರವಾಗುತ್ತದೆ.

ಸಂಸ್ಥೆಯನ್ನು ಆರಿಸುವಾಗ ಪಠ್ಯಪಟ್ಟಿಗಿಂತ ಹೆಚ್ಚಾಗಿ, ಶಾಲೆಯಲ್ಲಿ ಮೇಲ್ವಿಚಾರಣೆಯೊಂದಿಗೆ ಎಷ್ಟು ದಿನಗಳ ಕ್ಷೇತ್ರಕಾರ್ಯವಿದೆ ಎಂದು ವಿಚಾರಿಸುವುದು. ಈ ಭಾಗದ ಮಕ್ಕಳಲ್ಲಿ ಅನೇಕರ ಮನೆಮಾತು ತುಳು, ಬ್ಯಾರಿ ಅಥವಾ ಕೊಂಕಣಿ. ಶಾಲೆಯ ಭಾಷೆ ಕನ್ನಡ ಅಥವಾ ಇಂಗ್ಲಿಷ್. ಭಾಷೆಯ ಅಪರಿಚಯವನ್ನು ಕಲಿಕಾ ನ್ಯೂನತೆಯೆಂದು ತಪ್ಪಾಗಿ ಗುರುತಿಸುವ ಸಂಭವವಿರುವುದರಿಂದ, ಇಲ್ಲಿನ ಶಾಲೆಗಳಲ್ಲಿ ಪಡೆದ ತರಬೇತಿಗೆ ವಿಶೇಷ ಬೆಲೆಯಿದೆ.

ವಿದ್ಯಾರ್ಥಿವೇತನ

ಅರ್ಹ ವಿದ್ಯಾರ್ಥಿಗಳು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮುಂಚಿತವಾಗಿಯೇ ಪಡೆದಿರುವುದು. ಆಧಾರ್, ಅಂಕಪಟ್ಟಿ ಹಾಗೂ ಬ್ಯಾಂಕ್ ಖಾತೆಯಲ್ಲಿ ಹೆಸರು ಒಂದೇ ರೀತಿಯಲ್ಲಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.