ಒಂದು ‘ಲೈನು’, ಹಲವು ಅರ್ಥ

ಇಂಗ್ಲಿಷಿನ ‘ಲೈನು’ ಪದಕ್ಕೆ ತರಗತಿಯಲ್ಲಿ ನಾನು ಹೇಳುತ್ತಿದ್ದ ಅರ್ಥ ಒಂದೇ: ಗೆರೆ. ನಮ್ಮ ಜನ ಅದಕ್ಕೆ ಕೊಟ್ಟ ಅರ್ಥಗಳು ಹಲವು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದಿತು. ಹಳಿ ‘ಲೈನು’ ಎನಿಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಮುಂದೆ ಊರೂರಿಗೂ ವಿದ್ಯುತ್ ತಂತಿ ಬಂದಾಗ ಅದೂ ‘ಲೈನು’, ಕಂಬ ಹತ್ತುವವನು ‘ಲೈನ್‌ಮನ್’. ನ್ಯಾಯಬೆಲೆ ಅಂಗಡಿಯ ಮುಂದಿನ ಸರದಿಯೂ ‘ಲೈನೇ’.

ಚಿಕ್ಕಯ್ಯನಛತ್ರದಲ್ಲಿ ಪಾಠ ಮಾಡುತ್ತಿದ್ದಾಗ, ಕೊಡಗಿನ ಕಾಫಿ ತೋಟದಿಂದ ಬಂದಿದ್ದ ಹುಡುಗಿಯೊಬ್ಬಳು, “ಲೈನು ಅಂದ್ರೆ ನಮ್ಮನೆ ಸಾರ್” ಎಂದಳು. ತರಗತಿ ನಕ್ಕಿತು, ನಾನೂ ನಕ್ಕು, ತಪ್ಪೆಂದೆ. ತೋಟದ ಕೂಲಿಕಾರರ ಸಾಲುಮನೆಗಳಿಗೆ ‘ಲೈನ್ ಮನೆ’ ಎನ್ನುವರೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಂದು ತಪ್ಪಿದವನು ನಾನು. ಆ ಮಗು ಇದನ್ನು ಓದಿದರೆ ಕ್ಷಮಿಸಲಿ.